ವಾದಕರು ಆರಿಸಿದ ನಾಯಕ

ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಹುಟ್ಟಿದ್ದು ರೈಲು ಟಿಕೇಟಿನ ಜಗಳದಿಂದ. 1882ರಲ್ಲಿ ನಾಯಕ ಬೆಂಜಮಿನ್ ಬಿಲ್ಸೆ ವಾದಕರನ್ನು ನಾಲ್ಕನೆಯ ದರ್ಜೆಯಲ್ಲಿ ವಾರ್ಸಾಗೆ ಒಯ್ಯಲು ಹೊರಟಾಗ, ಸುಮಾರು 50 ಮಂದಿ ಅವನನ್ನು ತೊರೆದು ತಮ್ಮದೇ ತಂಡ ಕಟ್ಟಿದರು. ಮುಂದೆ ನಾಯಕನ ಆಯ್ಕೆಯೂ ವಾದಕರ ಕೈಗೇ ಬಂತು. ಮೇಲಧಿಕಾರಿಯ ವರದಿ ನಂಬಿ ಬಡ್ತಿಗೆ ಕಾಯುವ ನಮ್ಮಂಥ ಬ್ಯಾಂಕ್ ಗುಮಾಸ್ತರಿಗೆ ಇದು ಸೋಜಿಗವೇ!

1955ರಲ್ಲಿ ಬಂದ ಹೆರ್ಬೆರ್ಟ್ ಫೋನ್ ಕರಾಯನ್ ಆಜೀವ ಪದವಿ ಪಡೆದರು. ಅವರ ಧ್ವನಿಮುದ್ರಿಕೆಗಳಿಂದ ವಾದಕರಿಗೂ ಹಣ, ಹೆಸರು ಬಂದವು. ಆದರೂ 1982ರಲ್ಲಿ ಅವರು ಮೆಚ್ಚಿದ ಕ್ಲಾರಿನೆಟ್ ವಾದಕಿ ಸಬೀನೆ ಮಾಯರ್ ಅವರನ್ನು ತಂಡ 73–4 ಮತಗಳಿಂದ ನಿರಾಕರಿಸಿತು. ನಾದ ಬೆರೆಯದೆಂಬುದು ಕೊಟ್ಟ ಕಾರಣ. ಹೆಣ್ಣೆಂಬುದೇ ನಿಜವಾದ ಕಾರಣವೆಂದು ಹಲವರ ಗುಮಾನಿ. 1984ರಲ್ಲಿ ಆಕೆಯೇ ಹೊರನಡೆದರು. ಬಿರುಕು ಮಾತ್ರ ಕೂಡಲಿಲ್ಲ.

1989ರ ಏಪ್ರಿಲ್‌ನಲ್ಲಿ ಕರಾಯನ್ ರಾಜೀನಾಮೆಯಿತ್ತರು. ಅಕ್ಟೋಬರ್‌ನಲ್ಲಿ ವಾದಕರು ಮತ ಹಾಕಿ ಕ್ಲೌಡಿಯೋ ಅಬ್ಬಾಡೋ ಅವರನ್ನು ಆರಿಸಿದರು. ಬಿರುದು ಬೇಡ, ಬರೇ ಕ್ಲೌಡಿಯೋ ಎನ್ನಿರೆಂದರು ಅಬ್ಬಾಡೋ.