ದೂಬಗುಂಟೆಯ ತಾಯಂದಿರು

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟೆಯೆಂಬ ಪುಟ್ಟ ಗ್ರಾಮವು ಚರಿತ್ರೆಯ ಪುಟಕ್ಕೇರಿದುದು ಯಾವ ಅರಸನ ದಿಗ್ವಿಜಯದಿಂದಲೂ ಅಲ್ಲ. ಹಗಲೆಲ್ಲ ಕೂಲಿಗೈದು, ಇರುಳು ಸಾಕ್ಷರತೆಯ ತರಗತಿಯಲ್ಲಿ ಅಕ್ಷರ ತಿದ್ದುತ್ತಿದ್ದ ತಾಯಂದಿರಿಂದ. 1990ರ ದಶಕದ ಮೊದಲಲ್ಲಿ ನಡೆದ ಆ ಸಾಕ್ಷರತಾ ಆಂದೋಲನದ ವಾಚಕದಲ್ಲಿ ಅವರು ಓದಿದುದು ತಮ್ಮದೇ ಮನೆಯ ಕಥೆಯನ್ನು: ಗಂಡನ ಕೂಲಿಯೆಲ್ಲ ಸಾರಾಯಿಯ ಪೊಟ್ಟಣಕ್ಕೆ, ಮಕ್ಕಳ ಪಾಲಿಗೆ ತಿಳಿಗಂಜಿ. ಅಕ್ಷರ ಕಲಿಸಿದ ಸರಕಾರವೇ ಸಾರಾಯಿಯ ಹರಾಜಿನಿಂದ ಬೊಕ್ಕಸ ತುಂಬಿಕೊಳ್ಳುತ್ತಿದ್ದಿತೆಂಬುದು ವಿಧಿಯ ವಿನೋದವೇ ಸರಿ!

ಆ ತಾಯಂದಿರಲ್ಲಿ ರೋಸಮ್ಮನೇ ಮೊದಲಾದವರು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದ ಸುದ್ದಿ ಊರಿಂದೂರಿಗೆ ಹಬ್ಬಿ, 1992ರ ವೇಳೆಗೆ ಒಂದು ಕೈಯಲ್ಲಿ ಪೊರಕೆ, ಸೆರಗಿನ ಗಂಟಿನಲ್ಲಿ ಮೆಣಸಿನಪುಡಿ ಹಿಡಿದ ಹೆಂಗಸರು ಸಾರಾಯಿ ಹೊತ್ತ ಗಾಡಿಗಳನ್ನು ಊರಬಾಗಿಲಲ್ಲೇ ತಡೆಯುವಂತಾಯಿತು; ಹರಾಜುಗಳು ಮತ್ತೆ ಮತ್ತೆ ಮುಂದೂಡಲ್ಪಟ್ಟವು. ಕಡೆಗೆ 1993ರ ಅಕ್ಟೋಬರಿನಲ್ಲಿ ಆಂಧ್ರದೊಳಗೆ ಸಾರಾಯಿಯೂ, 1995ರ ಜನವರಿಯಲ್ಲಿ ಸಕಲ ಮದ್ಯವೂ ನಿಷಿದ್ಧವಾದವು. ಎರಡನೆಯ ನಿಷೇಧವನ್ನು ಬೊಕ್ಕಸವು ಎರಡು ವರ್ಷ ಮತ್ತೆ ಕೆಲವು ತಿಂಗಳಿಗಿಂತ ಹೆಚ್ಚು ಕಾಲ ಸಹಿಸಲಾರದೆಹೋಯಿತು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತುದು 2007ರ ಜುಲೈನಲ್ಲಿ.