ಎರವಲು

ಹೊಳವನಹಳ್ಳಿಯ ಮನೆ ಜಗಲಿಯಲ್ಲಿ ನನ್ನ ತಮ್ಮನ ಮಗ ಮೊಬೈಲಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ, "ಯಾರ್ಲಾ ಅವ್ನು, ಹಂಗೆ ಓಡ್ತಾನೆ?" ಅಂದಳು. "ಲೋನ್ ಮೇಲೆ ಬಂದವ್ನೆ ಅಜ್ಜಿ" ಅಂದ ಹುಡುಗ. ಅವ್ವನ ಕೈ ನಿಂತಿತು. "ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗೇ ಸಾಲ ಮಾಡ್ಕಂಡವ್ನಾ?" ಹುಡುಗ ಕೊಂಚ ತಡವರಿಸಿ, "ಸಾಲ ಅಲ್ಲ ಅಜ್ಜಿ, ಎರವಲು. ಅವ್ರ ಟೀಮ್‌ನೋರು ಇವ್ರಿಗೆ ಒಂದು ವರ್ಷಕ್ಕೆ ಎರವಲು ಕೊಟ್ಟವ್ರೆ" ಅಂದ. ಅವ್ವನಿಗೆ ಅಷ್ಟು ಸಾಕಾಯಿತು.

ಹುಡುಗನ ಬಾಯಲ್ಲಿ ಆ ಪದ ಬಂದದ್ದು ಕೇಳಿ ನನಗೂ ಖುಷಿಯಾಯಿತು. ಆಟಗಾರನೊಬ್ಬ 'ಸಾಲದ ಮೇಲೆ' ಹೋದ ಎಂದು ಓದಿದಾಗಲೆಲ್ಲ ನನಗೆ ಕಸಿವಿಸಿ. ಲೋನ್ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಮೂರು ಮಾತುಗಳಿವೆ. ಸಾಲಕ್ಕೆ ಬಡ್ಡಿಯುಂಟು, ತಂದ ನೋಟನ್ನೇ ಯಾರೂ ತಿರುಗಿಸುವುದಿಲ್ಲ. ಸಂಜೆ ಹೊತ್ತು ಪಕ್ಕದ ಮನೆಯಿಂದ ತಂದ ಪಾವು ಅಕ್ಕಿ ಕಡ, ಅಷ್ಟೇ ಅಕ್ಕಿ ಅಳೆದು ಕೊಟ್ಟರೆ ತೀರಿತು. ಎರವಲು ಹಾಗಲ್ಲ. ಮದುವೆಗೆಂದು ಇಸಕೊಂಡ ಸರ ಅದೇ ಸರವಾಗಿ, ಅದೇ ಕೊಂಡಿಯೊಂದಿಗೆ ಹಿಂದಿರುಗಬೇಕು. ಆಟಗಾರನಿಗೆ ಹೊಂದುವುದು ಇದೊಂದೇ.

ನಮ್ಮ ಮನೆಯಲ್ಲೊಂದು ಕೂರಿಗೆ ಇತ್ತು. ರಾಗಿ ಬಿತ್ತನೆಗೆ ಭೂಮಿ ಹದವಾಗುತ್ತಿದ್ದಂತೆ ಅದಕ್ಕೆ ಬಿಡುವಿಲ್ಲ. ನಮ್ಮ ಹೊಲ ಮುಗಿಯುವ ಮುಂಚೆಯೇ ಕೇಳಿಕೊಂಡು ಬರುವವರು ಬದುವಿನ ಮೇಲೆ ಕೂತಿರುತ್ತಿದ್ದರು. ಒಯ್ದವರು ಕೊಳವೆಗಳಲ್ಲಿ ಕಟ್ಟಿದ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆದು, ಬೀಜದ ಬಟ್ಟಲು ಒರೆಸಿ, ಹಗ್ಗ ಸುತ್ತಿ ತರಬೇಕು. ತಾತ ಒಂದೊಂದು ಬಿದಿರು ಕೊಳವೆಗೂ ಬಾಯಿಟ್ಟು ಊದಿ ನೋಡುತ್ತಿದ್ದರು. ಆಚೆ ಕಡೆಯಿಂದ ಗಾಳಿ ಬಂದರೆ ಸರಿ, ಗೋಡೆಗೆ ಒರಗಿಸುತ್ತಿದ್ದರು. ಒಂದು ವರ್ಷ ಒಯ್ದವರೊಬ್ಬರು ಅದನ್ನು ಮೂರನೆಯವರ ಕೈಗೆ ಕೊಟ್ಟಿದ್ದರು. ತಾತ ಜಗಳವಾಡಲಿಲ್ಲ, ಆದರೆ ಮರುವರ್ಷ ಅವರಿಗೆ ಕೂರಿಗೆ ಸಿಗಲಿಲ್ಲ. ಎರವಲು ತಂದದ್ದನ್ನು ಎರವಲು ಕೊಡಬಾರದು, ಅಷ್ಟೆ.

ಇದೇ ಮಾತನ್ನು ಫಿಫಾ ಈಗ ನಿಯಮವಾಗಿ ಬರೆದಿಟ್ಟಿದೆ. 2022ರ ಜುಲೈನಿಂದ ಜಾರಿಗೆ ಬಂದ ಆ ನಿಯಮದ ಪ್ರಕಾರ, ಎರವಲು ಪಡೆದ ಕ್ಲಬ್ ಆ ಆಟಗಾರನನ್ನು ಇನ್ನೊಂದು ಕ್ಲಬ್‌ಗೆ ದಾಟಿಸುವಂತಿಲ್ಲ. ಒಪ್ಪಂದದ ಅವಧಿ ಒಂದು ವರ್ಷ ಮೀರುವಂತಿಲ್ಲ. ಅದನ್ನು ಓದುವಾಗ ನನಗೆ ತಾತನ ಮುಖ ನೆನಪಾಯಿತು.

ಈ ಪದದ ಒಳಗೆ ಇನ್ನೊಂದು ಎಳೆಯೂ ಇದೆ. ಎರವಲು ಹುಟ್ಟಿದ್ದು ಎರವು ಎಂಬುದರಿಂದ. ಅದರ ಜೊತೆಯಲ್ಲೇ 'ಎರವಾಗು' ಇದೆ. ಪ್ರಾಣಕ್ಕೆ ಎರವಾಯಿತು, ಮಾನಕ್ಕೆ ಎರವಾಯಿತು ಅನ್ನುತ್ತೇವಲ್ಲ, ಅದು. ಕೊಟ್ಟದ್ದು ಕೈತಪ್ಪುವ ಅಳುಕು ಆ ಮಾತಿನಲ್ಲೇ ಕೂತಿದೆ. ಬ್ರೆಜಿಲ್‌ನ ಫಿಲಿಪ್ ಕುಟಿನ್ಯೊನನ್ನು ಬಾರ್ಸಿಲೋನಾ 2018ರ ಜನವರಿಯಲ್ಲಿ ಲಿವರ್‌ಪೂಲ್‌ನಿಂದ ಅಪಾರ ಹಣ ತೆತ್ತು ಕೊಂಡಿತು. ಮರುವರ್ಷ ಜರ್ಮನಿಯ ಬಯರ್ನ್ ಮ್ಯೂನಿಕ್‌ಗೆ ಎರವಲು ಕೊಟ್ಟಿತು. 2020ರ ಆಗಸ್ಟ್ 14ರಂದು ಲಿಸ್ಬನ್ನಿನಲ್ಲಿ ಅವೆರಡೇ ತಂಡಗಳು ಎದುರಾದವು. ಬದಲಿ ಆಟಗಾರನಾಗಿ ಕೊನೆಯ ಕಾಲು ಗಂಟೆಗೆ ಇಳಿದ ಕುಟಿನ್ಯೊ ಒಂದು ಗೋಲು ಹೊಡೆಸಿ, ಎರಡು ತಾನೇ ಹೊಡೆದ. ಬಯರ್ನ್ 8, ಬಾರ್ಸಿಲೋನಾ 2. ಎರವಲು ಕೊಟ್ಟ ಮನೆ ಮಾನಕ್ಕೆ ಎರವಾದ ರಾತ್ರಿ ಅದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಾದರೆ, ಎರವಲು ಹೋದವನು ಕೊಟ್ಟ ತಂಡದ ಎದುರು ಆಡುವಂತಿಲ್ಲ.

ನಮ್ಮ ಬೆಂಗಳೂರಿನವರು ಮೆಚ್ಚಿಕೊಂಡ ವೆನೆಜುವೆಲಾದ ಮಿಕು ಕೂಡ ಈ ಹಾದಿ ತುಳಿದವನೇ. 2012ರಲ್ಲಿ ಸ್ಪೇನಿನ ಗೆಟಾಫೆ ಅವನನ್ನು ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಒಂದು ಋತುವಿನ ಮಟ್ಟಿಗೆ ಎರವಲು ಕೊಟ್ಟಿತ್ತು. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದಾಗ ಅವನು ಯಾರ ಎರವಲೂ ಆಗಿರಲಿಲ್ಲ. ಆ ಮೊದಲ ಐಎಸ್‌ಎಲ್ ಋತುವಿನಲ್ಲೇ 15 ಗೋಲು ಹೊಡೆದ.

ಆದರೂ ಅವ್ವ ಆಮೇಲೆ ಕೇಳಿದ್ದು ನನ್ನನ್ನು ಬಿಟ್ಟಿಲ್ಲ. "ಕೂರಿಗೆಗೆ ಬಾಯಿಲ್ಲ, ಕೊಟ್ರೆ ಹೋಯ್ತದೆ. ಅವನನ್ನ ಕೇಳಿ ಕೊಟ್ಟವ್ರಾ?" ಕೇಳಬೇಕೆಂದು ನಿಯಮವಿದೆ, ಆಟಗಾರನ ಒಪ್ಪಿಗೆಯಿಲ್ಲದೆ ಕಾಗದವಾಗದು. ಆದರೆ ಬ್ರೆಜಿಲ್‌ನ ಲೂಕಾಸ್ ಪಿಯಾಜೊನ್ ಹದಿನೆಂಟು ತುಂಬುವ ಹೊತ್ತಿಗೆ, 2012ರಲ್ಲಿ, ಚೆಲ್ಸಿಗೆ ಬಂದ ಹುಡುಗ. ಅಲ್ಲಿಂದ ಮಲಾಗ, ವಿಟೆಸ್, ಫ್ರಾಂಕ್‌ಫರ್ಟ್, ರೆಡಿಂಗ್, ಫುಲ್ಹಮ್, ಕಿಯೆವೊ, ರಿಯೊ ಆವೆ: ಸ್ಪೇನ್, ನೆದರ್‌ಲ್ಯಾಂಡ್ಸ್, ಜರ್ಮನಿ, ಇಂಗ್ಲೆಂಡ್, ಇಟಲಿ, ಪೋರ್ಚುಗಲ್ ಸುತ್ತಿ ಏಳು ಕ್ಲಬ್‌ಗಳಿಗೆ ಎರವಲು ಹೋದ. ಚೆಲ್ಸಿಯ ಅಂಗಿ ತೊಟ್ಟು ಆಡಿದ್ದು ಬೆರಳೆಣಿಕೆಯ ಪಂದ್ಯ. ನಮ್ಮ ಕೂರಿಗೆ ಎಷ್ಟು ಹೊಲ ಸುತ್ತಿದರೂ ಮೊದಲ ಬಿತ್ತನೆ ನಮ್ಮ ಹೊಲದಲ್ಲೇ ಆಗುತ್ತಿತ್ತು. 2021ರ ಜನವರಿಯಲ್ಲಿ ಪೋರ್ಚುಗಲ್ಲಿನ ಬ್ರಾಗಾ ಅವನನ್ನು ತನ್ನವನಾಗಿ ಸೇರಿಸಿಕೊಂಡಿತು. ಆ ತಿಂಗಳಲ್ಲೇ ಅವನಿಗೆ ಇಪ್ಪತ್ತೇಳು ತುಂಬಿತು.