ಹೆಂಡದ ಮಾರಯ್ಯನ ಕಾಯಕವೂ ಮಾರುವವನ ಹೊಣೆಯೂ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ಹೆದ್ದಾರಿಯಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಹುಮನಾಬಾದಿನ ಮೂಲಕ ಮುಂದೆ ಸಾಗಿದರೆ ಶರಣರ ಕಲ್ಯಾಣ. ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ ಹೆಂಡ ಮಾರಿ ಬದುಕುತ್ತಿದ್ದವನೊಬ್ಬ ಶರಣನಾದನು. ಅವನೇ ಹೆಂಡದ ಮಾರಯ್ಯ. ಅವನ ವಚನಗಳ ಅಂಕಿತ ಧರ್ಮೇಶ್ವರಲಿಂಗ.

ಮಾರಯ್ಯನ ವಚನಗಳಲ್ಲಿ ಇಂದಿಗೆ ದೊರೆತಿರುವುವು ಕೆಲವೇ. ಅವುಗಳಲ್ಲಿ ಅವನ ವೃತ್ತಿಯ ಮಾತುಗಳೇ ಅನುಭಾವದ ಸಂಕೇತಗಳಾಗಿವೆ. ಕುಡಿಯಲು ಬಂದವರಿಗೆ ಆತ ಹಿತವಚನ ಹೇಳುತ್ತಿದ್ದನೆಂದು ಪರಂಪರೆ ನೆನೆಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ‘ನಾನು ಮಾರುವವನು ಮಾತ್ರ, ಕುಡಿದವನ ಗತಿ ಅವನಿಗೆ’ ಎಂದು ಮಾರಯ್ಯ ಕೈತೊಳೆದುಕೊಳ್ಳಲಿಲ್ಲ. ಎದುರಿಗೆ ನಿಂತ ಗಿರಾಕಿಯ ಹಿತವನ್ನೂ ತನ್ನ ಕಾಯಕದೊಳಗೆ ಸೇರಿಸಿಕೊಂಡನು. ಕಾಯಕವು ಸತ್ಯಶುದ್ಧವಾಗಿರಬೇಕೆಂಬ ಶರಣರ ಮಾತು ಅತ್ಯಂತ ಕಠಿಣವಾಗಿ ಪರೀಕ್ಷೆಗೆ ಒಳಗಾಗುವುದು ಇಂತಹ ವೃತ್ತಿಯಲ್ಲಿಯೇ.

ಮಾರುವವನಿಗೂ ಹೊಣೆಯುಂಟೆಂಬ ವಿಚಾರ ಈ ನೆಲದಲ್ಲಿ ಅದಕ್ಕಿಂತಲೂ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿವರಿಸಲಾಗಿದೆ. ಮದ್ಯದಂಗಡಿಗಳು ಒತ್ತೊತ್ತಾಗಿ ಇರಕೂಡದು. ಶೀಲವಂತರೆಂದು ಬಲ್ಲವರಿಗೆ ಮಾತ್ರ, ಅದೂ ಸ್ವಲ್ಪ ಪ್ರಮಾಣದಲ್ಲಿ, ಹೊರಗೆ ಒಯ್ಯಲು ಕೊಡಬೇಕು. ಉಳಿದವರು ಅಂಗಡಿಯಲ್ಲಿಯೇ ಕುಡಿಯಬೇಕು. ಅಮಲಿನಲ್ಲಿದ್ದ ಗಿರಾಕಿಯ ಒಡವೆ ವಸ್ತುಗಳು ಅಂಗಡಿಯಲ್ಲಿ ಕಳೆದುಹೋದರೆ ಅಂಗಡಿಯವನು ನಷ್ಟವನ್ನು ತುಂಬಿಕೊಡುವುದಲ್ಲದೆ ಅಷ್ಟೇ ದಂಡವನ್ನೂ ತೆರಬೇಕು. ಮೈಮರೆತವನ ಪರವಾಗಿ, ಮೈಮರೆಸಿದವನು ಎಚ್ಚರವಾಗಿರಬೇಕೆಂಬುದೇ ಈ ನಿಯಮದ ಸಾರ.

ಆಧುನಿಕ ಕಾಲದಲ್ಲಿ ಈ ಹೊಣೆ ಸನ್ನದಿನ ಷರತ್ತುಗಳ ರೂಪ ತಾಳಿತು. ಇಂದು ಕಲಬುರಗಿಯ ಬಾರುಗಳಿಗೂ ಕಮಲಾಪುರದ ಮದ್ಯದಂಗಡಿಗಳಿಗೂ ಅನ್ವಯಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆ ಮತ್ತು ಅದರಡಿಯ ನಿಯಮಗಳು. ದೇವಾಲಯ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡಬಾರದೆಂಬ ನಿಯಮವಿದೆ. ಸಾರ್ವಜನಿಕ ಶಾಂತಿಗಾಗಿ ಅಂಗಡಿ ಮುಚ್ಚಿಸುವ ಅಧಿಕಾರ ಕಾಯಿದೆಯ 21ನೆಯ ಕಲಮಿನಲ್ಲಿದೆ. ಷರತ್ತು ಮುರಿದರೆ ಸನ್ನದನ್ನು ಅಮಾನತುಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರ 29ನೆಯ ಕಲಮಿನಲ್ಲಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆದರೆ ಕುಡಿತ ನಿಲ್ಲಲಿಲ್ಲ.

ಹೆದ್ದಾರಿಯ ಕಥೆ ಇನ್ನೂ ಬೋಧಪ್ರದವಾದುದು. 2016ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯ ಮಾರಾಟವನ್ನು ನಿಷೇಧಿಸಿತು. 2017ರ ಮಾರ್ಚ್ 31ರಂದು, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಲ್ಲಿ ಆ ಅಂತರವನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷದ ಜುಲೈನಲ್ಲಿ ನಗರಸಭೆಗಳ ವ್ಯಾಪ್ತಿಗೆ ವಿನಾಯಿತಿ ದೊರೆಯಿತು. 2018ರ ಫೆಬ್ರುವರಿಯಲ್ಲಿ ಪಂಚಾಯಿತಿ ಪ್ರದೇಶಗಳ ನಿರ್ಧಾರವನ್ನು ರಾಜ್ಯಗಳಿಗೆ ಬಿಡಲಾಯಿತು. ಹೀಗೆ ಕಾನೂನು ಮೀಟರುಗಳನ್ನು ಅಳೆಯಿತು. ಆದರೆ ತೂರಾಡುತ್ತ ಎದ್ದವನ ಕೈಯಲ್ಲಿ ವಾಹನದ ಬೀಗದ ಕೈ ಇದೆಯೆಂಬುದನ್ನು ಯಾವ ಅಳತೆಪಟ್ಟಿಯೂ ಕಾಣಲಾರದು. ಅದನ್ನು ಕಾಣಬಲ್ಲವನು ಮದ್ಯ ಬಡಿಸಿದವನೇ.

ಅಮಲೇರಿದವನಿಗೆ ಮತ್ತೆ ಕೊಟ್ಟು, ಅವನಿಂದ ಇನ್ನೊಬ್ಬರಿಗೆ ಹಾನಿಯಾದರೆ ಮಾರಿದವನೂ ಪರಿಹಾರ ತೆರಬೇಕೆಂಬ ಕಾನೂನು ಅಮೆರಿಕೆಯ ಅನೇಕ ರಾಜ್ಯಗಳಲ್ಲಿದೆ. ಭಾರತದಲ್ಲಿ ಅಂತಹ ಪ್ರತ್ಯೇಕ ಕಾಯಿದೆಯಿಲ್ಲ. ಆದರೂ ನೆರೆಹೊರೆಯವರು ನಿರುಪಾಯರಲ್ಲ. ಸಾರ್ವಜನಿಕ ಉಪದ್ರವವನ್ನು ತೆಗೆದುಹಾಕುವಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಯನ್ನು ಕೋರಲು ಅವಕಾಶವಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿದ್ದ ಈ ಉಪಾಯ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಅದಕ್ಕೂ ಮೇಲೆ ಹೋಗಬೇಕಾದವರಿಗೆ ಈ ಭಾಗದಲ್ಲಿಯೇ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠವಿದೆ. ರಾತ್ರಿ ಬಾರಿನ ಮುಂದಿನ ಬೈಗುಳ ಕೇಳುತ್ತ ಓದಬೇಕಾದ ಮಗುವಿಗೂ, ಆ ದಾರಿಯಲ್ಲಿ ನಡೆಯಲು ಅಂಜುವ ಹೆಣ್ಣುಮಗಳಿಗೂ ಈ ಕಲಮುಗಳು ಸೇರಿವೆ.

ಕಾನೂನು ತಲುಪದ ಕಡೆಗೆ ಶರಣಪಥ ತಲುಪಬೇಕು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಮಹಾಂತ ಜೋಳಿಗೆಯನ್ನು ಹಿಡಿದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜೋಳಿಗೆ ಕುಡಿಯುವವನ ಎದುರಿಗೆ ಚಾಚಿತ್ತು. ಮಾರಯ್ಯನ ನೆನಪು ಮಾರುವವನ ಎದುರಿಗೆ ನಿಲ್ಲುತ್ತದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಸಾವಿರಾರು ಮಹಿಳೆಯರ ಪ್ರಶ್ನೆ ಸನ್ನದು ಕೊಡುವ ಸರ್ಕಾರದ ಎದುರಿಗೆ ನಿಂತಿತು. ಈ ಮೂವರೂ ಒಂದೇ ಪಾತ್ರೆಗೆ ಕೈಯಿಟ್ಟವರು. ಹೊಣೆಯನ್ನು ಒಬ್ಬನ ತಲೆಗೆ ಕಟ್ಟಿ ಉಳಿದಿಬ್ಬರು ಪಾರಾಗಲು ಸಾಧ್ಯವಿಲ್ಲ.

ಸಾಕೆಂದು ಹೇಳಿ ಗಿರಾಕಿಯ ಮುಂದಿನ ಲೋಟವನ್ನು ತೆಗೆದಿಡುವ ಸನ್ನದುದಾರನಿಗೆ ಅಂದು ಕೆಲವು ರೂಪಾಯಿ ನಷ್ಟವಾದೀತು. ಒಂದು ಮನೆಯ ದೀಪ ಉಳಿದೀತು. ಮಾರಯ್ಯನ ಕಾಯಕದ ಲೆಕ್ಕ ಹೀಗೆಯೇ ಇದ್ದಿರಬೇಕು.